ಹಲ್ಲಿಯೊಳಗೊಂದು ಶಾಲೆ

ಆ ಬೇಸಿಗೆಯಲ್ಲಿ ನಾನು ಕೆಲಸ ಮಾಡಿದ್ದು ಬಟ್ಟೆ ಬೀರುವಿನೊಳಗೆ ಕೂತು. ಹೇಳಿದರೆ ಜನ ನಗುತ್ತಾರೆ, ನಗಲಿ. ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ವರ್ಷ ಅದು. ದಿಲ್ಲಿಯ ಓಖ್ಲಾದಲ್ಲಿದ್ದ ನಮ್ಮ ಸ್ಟುಡಿಯೋಗೂ ಬೀಗ ಬಿತ್ತು. ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುವುದು ನಮ್ಮ ಕೆಲಸ. ಅಲ್ಲಿ ಹಲವು ಭಾಷೆಗಳಿದ್ದವು, ಕನ್ನಡಕ್ಕೆ ಓದುವವಳು ನಾನು. ಮ್ಯಾನೇಜರ್ ಸಾಹೇಬರು ಒಂದು ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಸಣ್ಣ ಡಬ್ಬಿ, ಒಂದಿಷ್ಟು ವೈರು ಕೊರಿಯರ್ ಮಾಡಿ ‘ಇನ್ನು ಮೇಲೆ ಮನೆಯಿಂದಲೇ’ ಅಂದರು. ಮನೆಯಲ್ಲಿ ಎಲ್ಲಿ ಕೂತು ಓದಬೇಕು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಜಾಗ ಹುಡುಕಿದ್ದೇ ಒಂದು ದೊಡ್ಡ ರಾಮಾಯಣ. ಜನಕಪುರಿಯ ನಮ್ಮ ಫ್ಲ್ಯಾಟಿನ ಬಚ್ಚಲುಮನೆಯಲ್ಲಿ ಓದಿದರೆ ದನಿ ಗುಂಯ್‌ಗುಡುತ್ತಿತ್ತು. ಹಾಲಿನಲ್ಲಿ ಫ್ರಿಜ್ಜಿನ ಗೊರಕೆ. ಬಾಲ್ಕನಿ ಪಕ್ಕದ ಕೋಣೆಯಲ್ಲಿ ಪಾರಿವಾಳಗಳು. ದಿಲ್ಲಿಯ ಪಾರಿವಾಳಗಳಿಗೆ ಲಾಕ್‌ಡೌನೂ ಇಲ್ಲ, ನಾಚಿಕೆಯೂ ಇಲ್ಲ. ಕೊನೆಗೆ ಮಲಗುವ ಕೋಣೆಯ ಗೋಡೆ ಬೀರುವಿನಲ್ಲಿ ಸೀರೆ ತೂಗುಹಾಕುವ ಭಾಗವನ್ನು ಖಾಲಿ ಮಾಡಿ, ಮಂಚದ ಪೆಟ್ಟಿಗೆಯಲ್ಲಿ ಬೇಸಿಗೆ ನಿದ್ದೆ ಮಾಡುತ್ತಿದ್ದ ರಜಾಯಿಗಳನ್ನೆಲ್ಲ, ಅಂದರೆ ಚಳಿಗಾಲದ ಹತ್ತಿಯ ದಪ್ಪ ಹೊದಿಕೆಗಳನ್ನೆಲ್ಲ, ಎಳೆದು ತಂದು ಸುತ್ತಲೂ ಒತ್ತರಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ನನ್ನ ಗಂಡ ದಿಲ್ಲಿಯವರೇ. ಅತ್ತೆಗೆ ಬರುವುದು ಹಿಂದಿ, ಸಿಟ್ಟು ಬಂದರೆ ಪಂಜಾಬಿ. ‘ಈ ಬಿಸಿಲಲ್ಲಿ ರಜಾಯಿಯೊಳಗೆ ಹೋಗಿ ಕೂರುವ ಸೊಸೆಯನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ’ ಅಂತ ಹಿಂದಿಯಲ್ಲೇ ಹೇಳಿದರು, ಅಂದರೆ ಇನ್ನೂ ಸಿಟ್ಟು ಬಂದಿರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಫ್ಯಾನು ಬಂದ್, ಕೂಲರ್ ಬಂದ್. ಮಕ್ಕಳ ಆನ್‌ಲೈನ್ ಕ್ಲಾಸು ಮುಗಿಯಬೇಕು, ಮೇಲಿನ ಮನೆಯವರ ನೀರಿನ ಮೋಟಾರು ನಿಲ್ಲಬೇಕು, ತರಕಾರಿ ಭಯ್ಯಾನ ಗಾಡಿಗೆ ಕಟ್ಟಿದ ಸ್ಪೀಕರು ‘ಆಲೂ ಲೇ ಲೋ, ಪ್ಯಾಜ್ ಲೇ ಲೋ’ ಅನ್ನುತ್ತ ಮುಂದಿನ ಗಲ್ಲಿಗೆ ತಿರುಗಬೇಕು. ಆಮೇಲೆ ಬೀರುವಿನೊಳಗೆ ಕೂತು ಬಾಗಿಲು ಎಳೆದುಕೊಳ್ಳುವುದು. ಮೊದಲು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ಬರೀ ಮೌನವನ್ನೇ ರೆಕಾರ್ಡ್ ಮಾಡಬೇಕು. ಆ ಜಾಗದ್ದೇ ಆದ ಸದ್ದು ಎಷ್ಟಿದೆ ಅಂತ ಎಡಿಟ್ ಮಾಡುವವರಿಗೆ ಅದರಿಂದ ಗೊತ್ತಾಗುತ್ತದೆ. ಆಮೇಲೆ ಪಾಠ. ಓದುವಾಗ ತಪ್ಪಿದರೆ ಒಂದು ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮೊದಲಿಂದ ಓದಬೇಕು. ಚಪ್ಪಾಳೆ ಪರದೆಯ ಮೇಲಿನ ದನಿಯ ಗೆರೆಯಲ್ಲಿ ಗೂಟ ನೆಟ್ಟಂತೆ ಎದ್ದು ಕಾಣುತ್ತದೆ, ಅದರ ಗುರುತು ಹಿಡಿದು ತಪ್ಪನ್ನು ಕತ್ತರಿಸುತ್ತಾರೆ. ಹೊರಗಿದ್ದ ಅತ್ತೆಗೆ ಕೇಳಿಸುತ್ತಿದ್ದದ್ದು ಗೊಣಗು, ಚಪ್ಪಾಳೆ, ಮತ್ತೆ ಗೊಣಗು. ಸೊಸೆ ಭಜನೆ ಹಿಡಿದಿದ್ದಾಳೆ ಅಂತ ಪಕ್ಕದ ಮನೆಯವರಿಗೆ ಹೇಳಿಟ್ಟಿದ್ದರು.

ಮೊದಮೊದಲು ಖುಷಿಯಾಗಿಯೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಎದ್ದು ಓಡುವುದಿಲ್ಲ, ಮೆಟ್ರೋದಲ್ಲಿ ಯಾರದೋ ಬ್ಯಾಗು ಪಕ್ಕೆಗೆ ಚುಚ್ಚುವುದಿಲ್ಲ. ಬೆವರಿನಲ್ಲಿ ತೊಯ್ದು ತೊಪ್ಪೆಯಾದರೂ ಪಾಠದ ಮೇಲೆ ಪಾಠ ಓದಿ ಕಳಿಸುತ್ತಿದ್ದೆ. ಮ್ಯಾನೇಜರ್ ಸಾಹೇಬರು ‘ಎಕ್ಸಲೆಂಟ್ ಮೇಡಂ, ಆಫೀಸಿಗಿಂತ ಜಾಸ್ತಿ ಕೆಲಸ ಆಗ್ತಿದೆ’ ಅಂತ ಹಿಂದಿ ಇಂಗ್ಲಿಷು ಬೆರೆಸಿ ಹೊಗಳುತ್ತಿದ್ದರು. ಹೊಗಳಿದರೆ ಉಬ್ಬುವ ಪ್ರಾಣಿ ನಾನು, ಉಬ್ಬಿದೆ.

ಓಖ್ಲಾದ ಆಫೀಸು ಹೇಗಿತ್ತು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗಾರ್ಮೆಂಟ್ ಕಾರ್ಖಾನೆಗಳ ಗಲ್ಲಿ. ಮೆಟ್ಟಿಲು ಹತ್ತುವಾಗ ಚಪ್ಪಲಿಗೆ ಬಣ್ಣಬಣ್ಣದ ದಾರದ ತುಣುಕುಗಳು ಅಂಟಿಕೊಳ್ಳುತ್ತಿದ್ದವು, ಇಸ್ತ್ರಿಯ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಮೇಲಿನ ಮಹಡಿಯಲ್ಲಿ ನಾವು. ಒಂದೊಂದು ಭಾಷೆಗೆ ಒಂದೊಂದು ಟೇಬಲ್ಲು. ಒಡಿಯಾ ಟೇಬಲ್ಲು ಸದಾ ಗಲಾಟೆ, ಮಲಯಾಳಂ ಟೇಬಲ್ಲಿನಲ್ಲಿ ಸದಾ ಬಾಳೆಕಾಯಿ ಚಿಪ್ಸು. ಚಳಿಗಾಲದಲ್ಲಿ ಊಟದ ಹೊತ್ತಿಗೆ ಎಲ್ಲ ಭಾಷೆಗಳೂ ಟೆರೇಸಿಗೆ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕಡಲೆಕಾಯಿ ಸುಲಿಯುತ್ತಿದ್ದವು. ಆ ಎಳೆಬಿಸಿಲು, ಆ ಸಿಪ್ಪೆಯ ರಾಶಿ, ಈಗಲೂ ಜನವರಿ ಬಂದರೆ ಕಣ್ಣ ಮುಂದೆ ಬರುತ್ತವೆ.

ಕನ್ನಡದ ಟೇಬಲ್ಲಿನಲ್ಲಿ ಇಬ್ಬರೇ. ನಾನು, ಮತ್ತೆ ಮೇಷ್ಟ್ರು. ದಿಲ್ಲಿಯಲ್ಲೇ ಬಹಳ ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾಗಿದ್ದ ಹಿರಿಯರು, ಮೈಸೂರು ಕಡೆಯವರು. ಸರ್ಕಾರಿ ಅಧಿಕಾರಿಯಾಗಿದ್ದ ಮಗಳ ಜೊತೆ ಕಿದ್ವಾಯಿ ನಗರದಲ್ಲಿದ್ದರು. ನಾನು ಓದುವುದು, ಅವರು ಕೇಳುವುದು. ರೆಕಾರ್ಡಿಂಗ್ ಬೂತಿನ ಗಾಜಿನ ಆ ಬದಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಹೋದರು ಅಂದುಕೊಂಡರೆ ಕೆಟ್ಟೆವು, ಒಂದಕ್ಷರ ಜಾರಿದರೆ ಬೆರಳು ಮೇಲೇಳುತ್ತಿತ್ತು. ‘ಇನ್ನೊಂದ್ಸಲ, ತಾಯಿ.’

ಆದರೆ ಬಂದ ತಕ್ಷಣ ನನ್ನನ್ನು ಮೈಕಿನ ಮುಂದೆ ಕೂರಲು ಅವರು ಬಿಡುತ್ತಿರಲಿಲ್ಲ. ಮೊದಲು ಟೇಬಲ್ಲಿನಲ್ಲಿ ಕೂತು ಮಾತಾಡಬೇಕು. ಇದಕ್ಕೆ ಅವರು ಇಟ್ಟ ಹೆಸರು ‘ಬಾಯಿ ಬಿಡಿಸೋದು.’

‘ಸಾರ್, ಬೂತ್ ಖಾಲಿ ಇದೆ, ಹೋಗಿ ಶುರು ಮಾಡ್ಲಾ?’ ಅನ್ನುತ್ತಿದ್ದೆ.

‘ಮೆಟ್ರೋದಿಂದ ಇಳಿದ ಬಾಯಲ್ಲಿ ಓದಬಾರದು ಕಣಮ್ಮ. ಅದರಲ್ಲಿ ಇನ್ನೂ ಮುಂದಿನ ನಿಲ್ದಾಣ ಕೂಗೋ ಆ ಹಿಂದಿ, ‘ಅಗಲಾ ಸ್ಟೇಷನ್’, ಅಂಟ್ಕೊಂಡಿರುತ್ತೆ. ಕೂತ್ಕೊ. ಏನು ಅಡುಗೆ ಇವತ್ತು?’

ಅಡುಗೆ ಏನು, ಅದಕ್ಕೆ ಏನೇನು ಹಾಕಿದೆ, ಅತ್ತೆ ಏನಂದರು, ನೀನೇನಂದೆ, ಹೀಗೆ ಅರ್ಧ ಗಂಟೆ. ಮ್ಯಾನೇಜರ್ ಸಾಹೇಬರು ಹಾದುಹೋಗುವಾಗ ಗಡಿಯಾರ ನೋಡಿ ‘ಮಾಸ್ಟರ್‌ಜೀ, ಗಪ್‌ಶಪ್ ಹೋ ಗಯಾ?’, ಹರಟೆ ಆಯ್ತಾ, ಅನ್ನುತ್ತಿದ್ದರು. ಮೇಷ್ಟ್ರು ‘ಹೋ ರಹಾ ಹೈ’, ಆಗ್ತಾ ಇದೆ, ಅಂದು ನನ್ನ ಕಡೆ ತಿರುಗಿ ‘ಹ್ಞೂಂ, ಆಮೇಲೆ?’ ಅನ್ನುತ್ತಿದ್ದರು. ನನಗೂ ಅದು ವಯಸ್ಸಾದವರ ಹರಟೆಯ ಚಪಲ ಅಂತಲೇ ಅನಿಸಿತ್ತು.

ಮನೆಯಿಂದ ಕೆಲಸ ಶುರುವಾದಾಗ ಮ್ಯಾನೇಜರ್ ಸಾಹೇಬರು ಹೊಸ ಪ್ರೊಸೆಸ್ ಮಾಡಿದರು. ಒಂದು ಹಾಳೆಯಲ್ಲಿ ಬಾಣದ ಗುರುತು ಹಾಕಿ ಒಂದರ ಪಕ್ಕ ಒಂದು ಚೌಕ, ಒಂದೊಂದು ಚೌಕಕ್ಕೆ ಒಂದೊಂದು ಕೆಲಸ. ಮೇಷ್ಟ್ರ ಮನೆಯ ಇಂಟರ್‌ನೆಟ್ಟಿಗೆ ದೊಡ್ಡ ಆಡಿಯೋ ಫೈಲು ತಾಳುವುದಿಲ್ಲ, ಆದ್ದರಿಂದ ಅವರು ಬರಹ ಮಾತ್ರ ನೋಡಿಕೊಡುತ್ತಾರೆ. ನಾನು ಓದುತ್ತೇನೆ. ಓದಿದ್ದನ್ನು ನೋಯ್ಡಾದಲ್ಲಿ ತನ್ನ ಮನೆಯಲ್ಲಿ ಕೂತ ರೆಕಾರ್ಡಿಸ್ಟ್ ಸದ್ದುಗದ್ದಲ ತೆಗೆದು ಶುದ್ಧ ಮಾಡುತ್ತಾನೆ. ಅವನಿಗೆ ಕನ್ನಡದ ಒಂದಕ್ಷರ ಬಾರದು. ಅಲ್ಲಿಂದ ನೇರ ಕರ್ನಾಟಕದ ಮಕ್ಕಳಿಗೆ. ಅಂದರೆ ಕನ್ನಡ ಬಲ್ಲ ಒಂದು ಕಿವಿಯೂ ನನ್ನ ದನಿಯನ್ನು ನಡುವೆ ಕೇಳುತ್ತಿರಲಿಲ್ಲ. ಬಾಯಿ ಬಿಡಿಸುವುದಕ್ಕಂತೂ ಯಾವ ಚೌಕವೂ ಇರಲಿಲ್ಲ. ಇದು ಯಾರ ತಲೆಗೂ ಹೊಳೆಯಲಿಲ್ಲ, ನನ್ನ ತಲೆಗೂ ಕೂಡ.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಮ್ಯಾನೇಜರ್ ಸಾಹೇಬರು ಫೋನಿಗೆ ಒಂದು ವಾಯ್ಸ್ ಮೆಸೇಜು ಕಳಿಸಿ ‘ಇದು ಏನು ಹೇಳ್ತಿದೆ ನೋಡಿ ಮೇಡಂ, ಗಂಭೀರವಾಗಿದೆ ಅಂತ ಕರ್ನಾಟಕದ ಕಡೆಯವರು ಹೇಳಿದ್ರು’ ಅಂದರು. ಕರ್ನಾಟಕದ ಒಂದು ಅಂಧ ಮಕ್ಕಳ ಶಾಲೆಯ ಟೀಚರ್ ಕಳಿಸಿದ್ದು. ಬಹಳ ಮೃದುವಾದ ದನಿ.

‘ನಮಸ್ಕಾರ ಸಾರ್. ಪಾಠಗಳು ಬರ್ತಿವೆ, ಸದ್ದುಗಿದ್ದು ಇಲ್ಲದೆ ಚೆನ್ನಾಗಿವೆ. ಆದರೆ ಒಂದು ತೊಂದರೆ ಆಗಿದೆ. ‘ಒಂದು ಹಳ್ಳಿಯಲ್ಲಿ ಒಂದು ಶಾಲೆ ಇತ್ತು’ ಅನ್ನೋ ಪಾಠ ಇದೆಯಲ್ಲ, ಅದರಲ್ಲಿ ಹಲ್ಲಿ ಅಂತ ಕೇಳಿಸ್ತಿದೆ. ಮಕ್ಕಳು ನನಗೆ ಫೋನ್ ಮಾಡಿ, ಮಿಸ್, ಹಲ್ಲಿಯೊಳಗೆ ಶಾಲೆ ಇತ್ತಂತೆ, ಮಕ್ಕಳು ಒಳಗೆ ಹೆಂಗೆ ಹೋಗ್ತಿದ್ರು ಅಂತ ಕೇಳ್ತಿದ್ದಾರೆ. ಅಜ್ಜಿ ಪಾರಿವಾಳಕ್ಕೆ ಕಾಳು ಹಾಕೋ ಬದಲು ಕಾಲು ಹಾಕ್ತಾಳೆ. ಇನ್ನು ‘ಹೇಳು’ ಅನ್ನೋ ಪದ ಏನಾಗಿದೆ ಅಂತ ನನ್ನ ಬಾಯಲ್ಲಿ ಹೇಳೋ ಹಂಗಿಲ್ಲ ಸಾರ್. ಹುಡುಗರು ಪಾಠ ಬಿಟ್ಟು ಅದೊಂದನ್ನೇ ಮತ್ತೆ ಮತ್ತೆ ಹಾಕ್ಕೊಂಡು ಬಿದ್ದು ಬಿದ್ದು ನಗ್ತಿದ್ದಾರೆ. ಬ್ರೈಲ್ ಪುಸ್ತಕಗಳೆಲ್ಲ ಶಾಲೆಯಲ್ಲೇ ಉಳಿದಿವೆ, ಮಕ್ಕಳೆಲ್ಲ ಮನೆಗಳಲ್ಲಿದ್ದಾರೆ. ಈಗ ಅವರಿಗೆ ಈ ದನಿಯೇ ಶಾಲೆ, ಕಿವಿಗೆ ಬಿದ್ದಿದ್ದೇ ಅಕ್ಷರ. ಓದೋರು ಹಿಂದಿಯವರು ಅಂತ ಕಾಣುತ್ತೆ. ಪಾಪ, ಕಷ್ಟಪಟ್ಟು ಓದಿದ್ದಾರೆ. ಆದರೂ ಯಾರಾದರೂ ಕನ್ನಡದವರು ಸಿಕ್ತಾರಾ ನೋಡಿ.’

ಮೊದಲು ಬಂದದ್ದು ಸಿಟ್ಟು. ನಾನು ಹಿಂದಿಯವಳಾ? ನಮ್ಮಪ್ಪ ತುಮಕೂರಿನಿಂದ ಸರ್ಕಾರಿ ಕೆಲಸಕ್ಕೆ ದಿಲ್ಲಿಗೆ ಬಂದವರು. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದರೂ ನಮ್ಮನೆ ಹೊಸ್ತಿಲೊಳಗೆ ಹಿಂದಿ ಆಡಿದರೆ ಅಮ್ಮ ಸೌಟು ತೋರಿಸುತ್ತಿದ್ದಳು. ಹಿಂದಿ ಆಡುವ ಬಾಯಿಗೆ ‘ಳ’ ಸುಲಭವಲ್ಲ, ದಿಲ್ಲಿಯಲ್ಲಿ ಬೆಳೆಯುವ ನಮ್ಮ ಮಕ್ಕಳ ಬಾಯಲ್ಲಿ ಅದು ಮೊದಲು ಸವೆಯುತ್ತದೆ ಅಂತ ಅಮ್ಮನಿಗೆ ಗೊತ್ತಿತ್ತು. ‘ಪಾಪ, ಕಷ್ಟಪಟ್ಟು’ ಅಂದಿದ್ದಂತೂ ಮುಖಕ್ಕೆ ಹೊಡೆದ ಹಾಗಾಯಿತು. ಆ ಟೀಚರಿಗೆ ತೋರಿಸುತ್ತೇನೆ ಅಂತ ಹೆಡ್‌ಫೋನ್ ಹಾಕಿಕೊಂಡು ನನ್ನದೇ ಪಾಠ ಕೇಳಿದೆ.

ಹಲ್ಲಿ. ಚೊಕ್ಕವಾಗಿ, ಒಂದಿಷ್ಟೂ ಅನುಮಾನವಿಲ್ಲದೆ ಹಲ್ಲಿ. ಓದುವಾಗ ನನಗೆ ಕೇಳಿಸಿದ್ದು ಹಳ್ಳಿಯೇ. ಒಂದೇ ಒಂದು ಕಡೆಯೂ ಚಪ್ಪಾಳೆ ತಟ್ಟಿರಲಿಲ್ಲ. ಬೀರುವಿನ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ಎಲ್ಲೋ ಒಂದು ಮನೆಯಲ್ಲಿ ಕಣ್ಣಿಲ್ಲದ ಒಂದು ಮಗು ಹಲ್ಲಿಯ ಹೊಟ್ಟೆಯೊಳಗೆ ಬೆಂಚು, ಬೋರ್ಡು, ಗಂಟೆ ಎಲ್ಲ ಇರುವ ಶಾಲೆಯನ್ನು ಕಲ್ಪಿಸಿಕೊಂಡು ಕೂತಿದೆ ಅನ್ನುವುದು ಹೊಳೆದು ಅಳು ಬಂತು.

ಮ್ಯಾನೇಜರ್ ಸಾಹೇಬರು ಸಂಜೆ ಫೋನ್ ಮಾಡಿದರು, ಟೀಚರ್ ಹೇಳಿದ್ದನ್ನು ಹಿಂದಿಯಲ್ಲಿ ತಿಳಿಸಿದೆ. ಕೆಟ್ಟವರಲ್ಲ, ಆದರೆ ನೇರ ಮಾತು. ‘ಹಳ್ಳಿ ಪಾಠ ಒಂದನ್ನು ಮತ್ತೆ ಓದಿ ಕೊಡಿ. ಕರ್ನಾಟಕದ ಕಡೆಯವರು ಒಪ್ಪಿದರೆ ಸರಿ, ಉಳಿದದ್ದನ್ನೂ ನೀವೇ ಸರಿ ಮಾಡಿ ಕೊಡಬಹುದು. ಒಪ್ಪದಿದ್ದರೆ ಕನ್ನಡ ಪೂರ್ತಿ ದಕ್ಷಿಣದ ಬೇರೆ ಸ್ಟುಡಿಯೋಗೆ ಹೋಗುತ್ತೆ. ನನ್ನ ಕೈಯಲ್ಲಿಲ್ಲ ಮೇಡಂ.’ ಅಂದರೆ ನಾನೂ ಇಲ್ಲ, ಮೇಷ್ಟ್ರೂ ಇಲ್ಲ.

ಹಠ ಹಿಡಿದು ಅಭ್ಯಾಸಕ್ಕೆ ಕೂತೆ. ಕನ್ನಡಿ ಹಿಡಿದು, ನಾಲಿಗೆ ತುದಿಯನ್ನು ಮೇಲಕ್ಕೆ ಮಡಚಿ, ಹಳ್ಳಿ, ಬಳ್ಳಿ, ಕೊಳ್ಳಿ, ಹಳ್ಳ, ಕಳ್ಳ. ಪಾತ್ರೆ ತೊಳೆಯುವಾಗ, ರೊಟ್ಟಿ ಲಟ್ಟಿಸುವಾಗ, ಎಲ್ಲ ಹೊತ್ತಿನಲ್ಲೂ. ಮಗ ಅಡುಗೆಮನೆಗೆ ಬಂದು ‘ಮಮ್ಮಾ, ಗಲಾ ಖರಾಬ್ ಹೈ ಕ್ಯಾ?’, ಗಂಟಲು ಕೆಟ್ಟಿದೆಯಾ, ಅಂತ ಕೇಳಿ ಹೋದ. ಮಾರನೆಯ ದಿನ ಪಾಠ ರೆಕಾರ್ಡ್ ಮಾಡಿ, ಪ್ರೊಸೆಸ್ ಹಾಳಾಗಿ ಹೋಗಲಿ ಅಂತ ಫೈಲನ್ನು ತುಂಡುತುಂಡು ಮಾಡಿ ಮೇಷ್ಟ್ರ ಫೋನಿಗೇ ಕಳಿಸಿದೆ. ಟೀಚರ್ ಹೇಳಿದ್ದನ್ನೂ ಅವರಿಗೆ ತಿಳಿಸಿದ್ದೆ.

ಸ್ವಲ್ಪ ಹೊತ್ತಿಗೆ ಅವರ ಫೋನು ಬಂತು. ‘ಏನಮ್ಮ ತಾಯಿ, ‘ಶಾಳೆ’ ಅಂದ್ರೆ ಏನು?’

‘ಶಾಲೆ ಸಾರ್.’

‘ನೀನು ಓದಿರೋದು ಶಾಳೆ. ಅಮ್ಮ ಬಾಳಕನಿಗೆ ಕುಡಿಯೋಕೆ ಹಾಳು ಕೊಟ್ಟಳು ಅಂತ ಓದಿದ್ದೀಯ. ಮೊದಲು ಹಳ್ಳೀನ ಹಲ್ಲಿ ಮಾಡಿದ್ದೆ, ಈಗ ಹಾಲನ್ನೇ ಹಾಳು ಮಾಡಿದ್ದೀಯಲ್ಲ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು.’

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ‘ಸಾರ್, ನನ್ನ ಬಾಯಿಗೆ ಏನಾಗಿದೆ?’ ಅಂತ ಕೇ‌ಳಿದೆ.

‘ಬಾಯಿಗೇನೂ ಆಗಿಲ್ಲ ಕಣಮ್ಮ. ಇದು ಓದಲ್ಲ, ಕವಾಯತು. ಒಂದು ಮಾತು ಹೇಳು, ಇಷ್ಟು ದಿನದಲ್ಲಿ ಯಾರ ಜೊತೆ ಕನ್ನಡದಲ್ಲಿ ಮಾತಾಡಿದ್ದೀಯ?’

ಯೋಚಿಸಿದೆ. ಗಂಡನ ಜೊತೆ ಹಿಂದಿ. ಅತ್ತೆ ಜೊತೆ ಹಿಂದಿ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಹಿಂದಿಯಲ್ಲಿ ಬರುತ್ತದೆ, ಹಾಗಾಗಿ ಪ್ರಶ್ನೆಯೂ ಮೆಲ್ಲಗೆ ಹಿಂದಿಗೆ ತಿರುಗಿತ್ತು. ಅಪ್ಪ ಅಮ್ಮ ಹೋಗಿ ಬಹಳ ಕಾಲವಾಗಿದೆ. ಮೇಷ್ಟ್ರ ಜೊತೆಗೂ ಬರೀ ಮೇಲ್‌ನಲ್ಲಿ ವ್ಯವಹಾರ. ಬೀರುವಿನೊಳಗೆ ಅಷ್ಟೊಂದು ಕನ್ನಡ ಓದಿದ್ದೆ, ಹೊರಗೆ ಒಬ್ಬರ ಜೊತೆಯೂ ಒಂದು ಮಾತು ಕನ್ನಡದಲ್ಲಿ ಆಡಿರಲಿಲ್ಲ.

ಲೋಕದಲ್ಲಿ ಎಲ್ಲರಿಗೂ ಮನೆಯಲ್ಲಿ ತಾಯಿನುಡಿ, ಆಫೀಸಿನಲ್ಲಿ ಪರಭಾಷೆ. ನನ್ನದು ಉಲ್ಟಾ. ಮನೆಗೆ ಬಂದರೆ ಪರಭಾಷೆ, ಓಖ್ಲಾಕ್ಕೆ ಹೋದರೆ ಕನ್ನಡ. ಆ ದಾರ ಅಂಟಿದ ಮೆಟ್ಟಿಲು ಹತ್ತಿ ದಿನಾ ನಾನು ಹೋಗುತ್ತಿದ್ದದ್ದು ಕೆಲಸಕ್ಕಲ್ಲ, ತವರಿಗೆ. ಅದು ಮುಚ್ಚಿದಾಗ ನನಗೆ ಗೊತ್ತಾಗಲಿಲ್ಲ, ನನ್ನ ನಾಲಿಗೆಗೆ ಗೊತ್ತಾಯಿತು.

‘ಸಾರ್, ನಾನು ಈಗ ಓದೋದಿಲ್ಲ. ನಾಳೆಯಿಂದ ಬರೀ ಮಾತಾಡೋಣ’ ಅಂದೆ.

ಮ್ಯಾನೇಜರ್ ಸಾಹೇಬರಿಗೆ ಇದನ್ನು ಹೇಳಿದರೆ ಫೋನಿನಲ್ಲೇ ತಲೆ ಮೇಲೆ ಕೈ ಹೊತ್ತರು. ‘ಒಂದು ವಾರ ಬರೀ ಮಾತಾ? ಇದನ್ನ ನಾನು ಪ್ರೊಸೆಸ್‌ನಲ್ಲಿ ಎಲ್ಲಿ ತೋರಿಸ್ಲಿ? ಅವರು ನಾಳೆಯೇ ಕೇಳ್ತಿದ್ದಾರೆ.’ ನಾಳೆಯೇ ಬೇಕಾದರೆ ಹಲ್ಲಿಯೇ ಸಿಗುತ್ತದೆ ಸಾಹೇಬರೇ, ನಾನು ಸದ್ಯಕ್ಕೆ ಮೈಕು ಮುಟ್ಟುವುದಿಲ್ಲ ಅಂದೆ. ಅವರಿಗೆ ಹಲ್ಲಿ ಅರ್ಥವಾಗಲಿಲ್ಲ, ಮುಟ್ಟುವುದಿಲ್ಲ ಅನ್ನುವುದು ಅರ್ಥವಾಯಿತು. ಬೇಸರದಿಂದಲೇ ಒಪ್ಪಿ ಆ ಕಡೆಯವರಿಂದ ಸಮಯ ಕೇಳಿದರು. ಇದರಲ್ಲಿ ಸೋತರೆ ನನ್ನ ಪರವಾಗಿ ಆಡಲು ಅವರ ಹತ್ತಿರ ಬೇರೆ ಮಾತಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಹಾಗೆ ಬೆಳಿಗ್ಗೆ ಬೆಳಿಗ್ಗೆ ಮಾತು ಶುರುವಾಯಿತು. ಫೋನನ್ನು ಸ್ಪೀಕರಿಗೆ ಹಾಕಿ ಮಸಾಲೆ ಡಬ್ಬಿಗೆ ಒರಗಿಸಿಟ್ಟು ನಾನು ಅಡುಗೆ ಮಾಡುವುದು, ಅವರು ಕಿದ್ವಾಯಿ ನಗರದ ಬಾಲ್ಕನಿಯಿಂದ ಕೇಳುವುದು.

‘ಏನು ಅಡುಗೆ?’

‘ಹುಳಿ ಸಾರ್.’

‘ಏನು ಹೋಳು?’

‘ಮೂಲಂಗಿ. ಬೇಳೆ ತೊಳೆದು ಇಟ್ಟಿದ್ದೀನಿ. ಇಲ್ಲಿ ಎಳೇ ಮೂಲಂಗಿ ಸಿಗಲ್ಲ, ಈ ಬೇಸಿಗೇಲಿ ಎಲ್ಲಾ ಬಲಿತಿರುತ್ತೆ.’

‘ಹುಣಿಸೆಹಣ್ಣಾ, ಇಲ್ಲಾ ನಿಮ್ಮತ್ತೆಯವರ ಅಮ್‌ಚೂರಾ?’

‘ಅಯ್ಯೋ, ಹುಳಿಗೆ ಅಮ್‌ಚೂರ್ ಹಾಕಿದ್ರೆ ನಮ್ಮಮ್ಮ ಸ್ವರ್ಗದಿಂದ ಇಳಿದು ಬರ್ತಾಳೆ ಸಾರ್.’

ಮೊದಲ ದಿನ ನಾಲಿಗೆ ತೊಡರಿತು. ಹೇಳಬೇಕಾದ್ದು ಹಿಂದಿಯಲ್ಲಿ ಮೊದಲು ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಮೇಷ್ಟ್ರು ತಿದ್ದಲಿಲ್ಲ. ಒಂದು ಸಲವೂ ‘ಳ’ದ ಸುದ್ದಿ ಎತ್ತಲಿಲ್ಲ. ಎರಡು ಮೂರು ದಿನಕ್ಕೆ ಅಡುಗೆಯಿಂದ ಮಾತು ಹಳೆಯ ಕಾಲೊನಿಗೆ ಜಾರಿತು. ನಾನು ಹುಟ್ಟಿದ ಕ್ವಾರ್ಟರ್ಸ್ ಒಡೆದು ಅಲ್ಲಿ ಎತ್ತರದ ಕಟ್ಟಡಗಳನ್ನು ಕಟ್ಟಿದ್ದಾರೆ, ಅವುಗಳಲ್ಲೇ ಒಂದರಲ್ಲಿ ಮೇಷ್ಟ್ರ ವಾಸ. ‘ನಿಮ್ಮನೆ ಇದ್ದ ಜಾಗದ ಮೇಲೆ ಆಕಾಶದಲ್ಲಿ ಕೂತಿದ್ದೀನಿ ಕಣಮ್ಮ, ಹೇಳು, ಕೆಳಗೆ ಏನೇನಿತ್ತು?’ ಅನ್ನುತ್ತಿದ್ದರು. ನಾನು ಹೇಳುತ್ತ ಹೋದೆ. ಬೇಸಿಗೆ ರಾತ್ರಿ ಅಂಗಳಕ್ಕೆ ನೀರು ಚಿಮುಕಿಸಿ ಸಾಲಾಗಿ ಹಾಕುತ್ತಿದ್ದ ಹಗ್ಗದ ಮಂಚಗಳು. ಮಳೆಗೆ ಮೊದಲು ಏಳುತ್ತಿದ್ದ ಧೂಳಿನ ಬಿರುಗಾಳಿ. ನೇರಳೆ ಮರದ ಕೆಳಗೆ ಬಿಳಿ ಫ್ರಾಕು ಹಾಳು ಮಾಡಿಕೊಂಡು ಅಮ್ಮನ ಕೈಯಲ್ಲಿ ತಿಂದ ಏಟು. ಸಂಜೆ ಆಟವಾಡುತ್ತಿದ್ದರೆ ಮನೆಮನೆಯ ಬಾಗಿಲಿಂದ ಬೇರೆಬೇರೆ ಭಾಷೆಯಲ್ಲಿ ಅಮ್ಮಂದಿರು ಕೂಗುತ್ತಿದ್ದರು. ಅವರಲ್ಲಿ ಒಬ್ಬಳು ಮಾತ್ರ ‘ಒಳಗೆ ಬಾರೇ, ಕತ್ತಲಾಯ್ತು’ ಅನ್ನುವವಳು. ಇದನ್ನು ಹೇಳುವಾಗ ಒಲೆಯ ಮೇಲಿನ ಬೇಳೆ ಉಕ್ಕಿತು, ನಾನು ನೋಡಲೇ ಇಲ್ಲ.

ಅತ್ತೆ ಬಂದು ಗ್ಯಾಸ್ ಸಣ್ಣ ಮಾಡಿ ‘ಯಾರ ಜೊತೆ ಜಗಳ?’ ಅಂತ ಕೇಳಿದರು. ಜೋರು ಕನ್ನಡ ಅವರ ಕಿವಿಗೆ ಜಗಳವೇ. ಮಗಳು ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು. ‘ಮಮ್ಮಾ, ಕನ್ನಡದಲ್ಲಿ ಆಪ್ ಜ್ಯಾದಾ ಹಸ್ತೀ ಹೋ’, ನೀವು ಜಾಸ್ತಿ ನಗ್ತೀರ, ಅಂದಳು. ನನ್ನ ಮಗಳಿಗೆ ನನ್ನ ನಗುವಿನ ಲೆಕ್ಕ ಹೀಗೆ ಭಾಷೆವಾರು ಗೊತ್ತಿದೆ ಅಂತ ನನಗೆ ತಿಳಿದಿರಲಿಲ್ಲ.

ವಾರದ ಕೊನೆಗೆ ಮೇಷ್ಟ್ರನ್ನು ಕೇಳಿಯೇಬಿಟ್ಟೆ. ‘ಸಾರ್, ಹುಳಿ, ಹೋಳು, ಬೇಳೆ, ಕಾಳು, ಎಲ್ಲಾ ‘ಳ’ನೇ. ಆಫೀಸಲ್ಲೂ ದಿನಾ ಅಡುಗೆ ಕೇಳ್ತಿದ್ದದ್ದು ಇದಕ್ಕೇನಾ?’

‘ಛೆ, ಹಾಗೇನಿಲ್ಲಮ್ಮ. ನನಗೆ ಹುಳಿ ಅಂದ್ರೆ ಇಷ್ಟ, ಮಗಳಿಗೆ ಮಾಡೋಕೆ ಪುರಸೊತ್ತಿಲ್ಲ. ಕೇಳಿಯಾದರೂ ತೃಪ್ತಿ ಪಡೋಣ ಅಂತ’ ಅಂದರು. ನಿಜ ಹೇಳಿದರೋ ಸುಳ್ಳು ಹೇಳಿದರೋ, ಇವತ್ತಿಗೂ ಗೊತ್ತಿಲ್ಲ.

ಓದುವ ದಿನ ಅವರು ಕೇಳುತ್ತಿರಬೇಕು ಅಂತ ನನ್ನ ಹಠ. ಫೋನನ್ನು ಬೀರುವಿನೊಳಗೆ ಇಟ್ಟುಕೊಂಡೆ. ಮೈಕಿನ ಹತ್ತಿರ ಫೋನಿದ್ದರೆ ಕರ್‌ಕರ್ ಅಂತ ಸದ್ದು ಬರುತ್ತದೆ, ಮೊದಲ ಪ್ರಯತ್ನ ಅದರಲ್ಲೇ ಹಾಳಾಯಿತು. ಫೋನನ್ನು ಹೊರಗಿಟ್ಟು, ಮಗನ ಉದ್ದ ವೈರಿನ ಇಯರ್‌ಫೋನ್ ಇಸಕೊಂಡು, ಬಾಗಿಲ ಸಂದಿಯಿಂದ ಒಳಗೆಳೆದೆ. ಅದರದೇ ಪುಟ್ಟ ಮೈಕಿನಿಂದ ನನ್ನ ದನಿ ಮೇಷ್ಟ್ರಿಗೆ ಹೋಗುತ್ತದೆ, ದೊಡ್ಡ ಮೈಕಿನಿಂದ ಲ್ಯಾಪ್‌ಟಾಪಿಗೆ. ತಪ್ಪಿದರೆ ಅವರು ಕೆಮ್ಮಬೇಕು, ಅಷ್ಟೇ, ಮಾತಾಡಬಾರದು. ಅಷ್ಟರಲ್ಲಿ ಮೇಲಿನ ಮನೆಯ ಮೋಟಾರು ಶುರು. ಅದು ನಿಂತರೆ ಯಾರದೋ ಮಿಕ್ಸಿ. ಅದೂ ನಿಂತರೆ ಎದುರು ಮನೆಯ ಏಸಿ. ಅಂದೇ ಕಳಿಸಬೇಕಿತ್ತು. ರಜಾಯಿಗಳ ನಡುವೆ ಬೆವರು ಸುರಿಸುತ್ತ ಕೂತು, ಇದು ಮುಗಿಯುವ ಬಾಬತ್ತಲ್ಲ ಅನಿಸಿ ಎದ್ದು ಹೊರಡುವುದರಲ್ಲಿದ್ದೆ.

ಆಗ ಕರೆಂಟು ಹೋಯಿತು. ಗಲ್ಲಿಯ ಮೋಟಾರು, ಮಿಕ್ಸಿ, ಏಸಿ, ಫ್ರಿಜ್ಜು ಎಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯುತ್ತಲೇ ಇತ್ತು. ಜನಕಪುರಿಯಲ್ಲಿ ಅಂಥ ಮೌನವನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಪಾಠವನ್ನು ಓದಲಿಲ್ಲ, ಮೇಷ್ಟ್ರಿಗೆ ಹೇಳಿದೆ. ಒಂದು ಹಳ್ಳಿಯಲ್ಲಿ ಒಂದು ಶಾಲೆ ಇತ್ತು ಅಂತ ಹೇಳಿದೆ, ಅಜ್ಜಿ ಪಾರಿವಾಳಕ್ಕೆ ಕಾಳು ಹಾಕಿದಳು ಅಂತ ಹೇಳಿದೆ. ನಾಲಿಗೆಯನ್ನು ನಾನು ಮಡಚಲಿಲ್ಲ, ಅದೇ ಮಡಚಿಕೊಂಡಿತು. ಕಿವಿಯಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಕೊನೆಯ ವಾಕ್ಯದವರೆಗೂ ಅವರು ಕೆಮ್ಮಲಿಲ್ಲ. ಮುಗಿದ ಮೇಲೆ ‘ಕಳಿಸಮ್ಮ’ ಅಂದರು. ಅವರ ದನಿ ಒದ್ದೆಯಾಗಿತ್ತು.

ಆಮೇಲೆ ಕಾದದ್ದು ಓದಿದ್ದಕ್ಕಿಂತ ಕಷ್ಟವಾಯಿತು. ಫೋನು ಟಿಣ್ ಅಂದರೆ ಒಲೆ ಬಿಟ್ಟು ಓಡುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅದೇ ಟೀಚರ್ ದನಿ ಬಂತು.

‘ಸಾರ್, ಓದೋರನ್ನ ಬದಲಾಯಿಸಿದ್ದಕ್ಕೆ ತುಂಬ ಉಪಕಾರ ಆಯ್ತು. ಇವರು ನಮ್ಮ ಕಡೆಯವರು, ಬಾಯಿ ತೆಗೆದ ಕೂಡಲೇ ಗೊತ್ತಾಗುತ್ತೆ. ನಮ್ಮತ್ತಿಗೆ ಮಾತಾಡಿದ ಹಂಗಿದೆ. ಮಕ್ಕಳು ಈಗ ಹಳ್ಳಿಯೊಳಕ್ಕೆ ಹೋದರು ಸಾರ್. ಹೊಸ ಮಿಸ್ ಯಾವೂರು ಅಂತ ಕೇಳ್ತಿದ್ದಾರೆ. ಮುಂದಿನ ಪಾಠಗಳನ್ನೆಲ್ಲ ಇವರ ಕೈಲೇ ಓದಿಸಿ. ಹಳೇ ಮೇಡಂಗೆ ಬೇಜಾರಾಗದ ಹಂಗೆ ಹೇಳಿ, ಪಾಪ.’

ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಮೇಷ್ಟ್ರಿಗೆ ಕೇಳಿಸಿದರೆ ‘ಹಳಬಳಿಗೆ ನಾನು ಸಮಾಧಾನ ಹೇಳ್ತೀನಿ ಬಿಡು, ಆಕೆ ಅಷ್ಟೇನೂ ಕೆಟ್ಟವಳಲ್ಲ’ ಅಂದರು. ಕೆಲಸ ಉಳಿಯಿತು. ಕೆಟ್ಟುಹೋಗಿದ್ದ ಪಾಠಗಳನ್ನೆಲ್ಲ ಹಾಗೆಯೇ, ಬೆಳಿಗ್ಗೆ ಮಾತಾಡಿ ಮಧ್ಯಾಹ್ನ ಓದಿ, ಒಂದೊಂದಾಗಿ ಸರಿಮಾಡಿದೆವು. ಆ ಬೇಸಿಗೆಯಷ್ಟು ಸುಖವಾಗಿ ನಾನು ಮತ್ತೆಂದೂ ಕೆಲಸ ಮಾಡಿಲ್ಲ ಅಂತ ಈಗ ಅನಿಸುತ್ತದೆ, ಬೆವರು, ರಜಾಯಿ, ಪಾರಿವಾಳ ಎಲ್ಲ ಸೇರಿಸಿಯೇ.

ಊರು ಮತ್ತೆ ಬಾಗಿಲು ತೆಗೆಯಿತು. ಮೆಟ್ರೋ ತುಂಬಿತು, ಮಕ್ಕಳು ಸ್ಕೂಲಿಗೆ ಹೋದರು. ಓಖ್ಲಾದಿಂದ ಕರೆ ಬಂದಾಗ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋದೆ, ಮೇಷ್ಟ್ರಿಗೆ ಅಂತ ಡಬ್ಬಿಯಲ್ಲಿ ಹುಳಿ ಹಾಕಿಕೊಂಡು. ಮೇಲೆ ಹೋಗಿ ನೋಡಿದರೆ ಟೇಬಲ್ಲುಗಳನ್ನೆಲ್ಲ ಒಂದರ ಮೇಲೊಂದು ಹೇರಿ ಗೋಡೆಗೆ ಒತ್ತಿದ್ದರು. ಬೂತಿನ ಗಾಜು ಬಿಚ್ಚುತ್ತಿದ್ದರು. ಮೇಷ್ಟ್ರನ್ನು ಕರೆದಿರಲೇ ಇಲ್ಲ. ಮ್ಯಾನೇಜರ್ ಸಾಹೇಬರು ಖುಷಿಯಿಂದ ಎದುರು ಬಂದು, ಹೊಸದೊಂದು ಮೈಕಿನ ಪೆಟ್ಟಿಗೆ ನನ್ನ ಕೈಗಿಟ್ಟರು.

‘ಈ ಮಹಡಿ ಬಿಟ್ಟುಬಿಡ್ತಿದ್ದೀವಿ ಮೇಡಂ. ಎಲ್ಲರೂ ಮನೆಯಿಂದಲೇ, ಪರ್ಮನೆಂಟ್. ಮೇಲಿನವರು ಮೊದಲು ಒಪ್ಪಲಿಲ್ಲ, ಮನೆಯಲ್ಲಿ ಕ್ವಾಲಿಟಿ ಬರಲ್ಲ ಅಂದರು. ನಾನು ನಿಮ್ಮ ಆ ಹಳ್ಳಿ ಪಾಠ ಕೇಳಿಸಿದೆ. ಬೀರುವಿನಲ್ಲಿ ಕೂತು ಇಷ್ಟು ಚೆನ್ನಾಗಿ ಮಾಡ್ತಾರೆ ಅಂದರೆ ಸ್ಟುಡಿಯೋ ಯಾಕೆ ಅಂತ ಕೇಳಿದೆ. ಒಂದೇ ಏಟಿಗೆ ಒಪ್ಪಿದರು.’

ಪೆಟ್ಟಿಗೆ ಹಿಡಿದುಕೊಂಡು ನಿಂತೆ. ಗೋಡೆಗೆ ಒತ್ತಿದ ಟೇಬಲ್ಲುಗಳಲ್ಲಿ ನಮ್ಮದು ಯಾವುದು ಅಂತ ಗುರುತು ಸಿಗಲಿಲ್ಲ. ನನಗೊಂದು ಮೂಲೆ ಕೊಟ್ಟರೂ ಸಾಕು, ನಾನು ಆಫೀಸಿಗೇ ಬರುತ್ತೇನೆ ಅಂದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ಮನೆಯಲ್ಲಿ ನಿಮಗೆ ಎಲ್ಲಾ ಇದೆಯಲ್ಲ. ಆಫೀಸ್ ಯಾಕೆ ಬೇಕು ಮೇಡಂ?’

‘ಬಾತ್ ಕರ್ನೇ ಕೇ ಲಿಯೇ’ ಅಂದೆ. ಮಾತಾಡೋಕೆ. ಕನ್ನಡದಲ್ಲಿ ಅಂತ ಸೇರಿಸಲಿಲ್ಲ.

ತಮಾಷೆ ಅಂದುಕೊಂಡು ಅವರು ಜೋರಾಗಿ ನಕ್ಕರು. ತಪ್ಪು ಅವರದಲ್ಲ. ನಾನು ಅದನ್ನು ಹೇಳಿದ್ದು ಹಿಂದಿಯಲ್ಲಿ.